ತಲೆಯ ಮೇಲೊಂದು ತಲೆ

ನನ್ನ ಹಳೆಯ ದಿನಚರಿಯೊಂದರಲ್ಲಿ ಈ ಸಾಲುಗಳಿವೆ: ‘ಅಮ್ಮನ ಟಿ.ವಿ.ಯಲ್ಲಿ ತಲೆಯ ಮೇಲೆ ತಲೆ. ಪ್ರತಿಫಲನ ಇರಬೇಕು. ಭಾನುವಾರ ತಾರಸಿ ಹತ್ತಿ ನೋಡಬೇಕು.’ ಅಕ್ಷರ ನನ್ನದೇ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ಅದು ನನ್ನನ್ನು ಒಳ್ಳೆಯವಳನ್ನಾಗಿ ತೋರಿಸಲು ಎಷ್ಟು ಸಲ ತಿದ್ದುಪಡಿ ಮಾಡಿಕೊಂಡಿದೆಯೋ ಗೊತ್ತಿಲ್ಲ. ಈ ಸಾಲುಗಳನ್ನು ಮಾತ್ರ ನಂಬಬೇಕಾಗಿದೆ. ಇವು ನನ್ನ ವಿರುದ್ಧ ಸಾಕ್ಷಿ ಹೇಳುತ್ತಿವೆ.

ಆಗ ನಾನು ಶಿರಾದ ಕಾಲೇಜೊಂದರಲ್ಲಿ ಭೌತವಿಜ್ಞಾನ ಪಾಠ ಮಾಡುತ್ತಿದ್ದೆ. ಒಂದು ಉದ್ದನೆಯ ಮನೆಯ ಹಿಂಭಾಗದ ಎರಡು ಕೋಣೆ ನನಗೆ ಬಾಡಿಗೆಗೆ ಸಿಕ್ಕಿದ್ದವು. ಮುಂಭಾಗದಲ್ಲಿ ಮನೆಯೊಡತಿ ಇದ್ದರು. ಊರಿಗೆಲ್ಲ ಅವರು ಅಮ್ಮ. ನಾನೂ ಹಾಗೇ ಕರೆಯುತ್ತಿದ್ದೆ. ನನಗಿಂತ ಮೂವತ್ತು ವರ್ಷವಾದರೂ ದೊಡ್ಡವರು. ಗಂಡ ತೀರಿಕೊಂಡಿದ್ದರು, ಮಗಳನ್ನು ಹುಲಿಕುಂಟೆಗೆ ಕೊಟ್ಟಿದ್ದರು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ ಜಗಲಿಯಲ್ಲಿ ಮೊರ ಹಿಡಿದು ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಬಿತ್ತನೆಯ ಕಡಲೆಕಾಯಿಯನ್ನು ಮಿಲ್ಲಿಗೆ ಹಾಕಿದರೆ ಬೀಜ ಸಿಪ್ಪೆ ಸುಲಿದು ಹಾಳಾಗುತ್ತದೆಂದು ಸುತ್ತಲಿನ ರೈತರು ಅವರ ಹತ್ತಿರ ತಂದುಕೊಡುತ್ತಿದ್ದರು. ಅಮ್ಮ ಕೈಯಲ್ಲೇ ಸುಲಿದು, ಒಂದೊಂದು ಬೀಜವನ್ನೂ ಬೆರಳಲ್ಲಿ ಉರುಳಿಸಿ ನೋಡಿ, ಮೊಳೆಯುವುದನ್ನು ಒಂದು ಕಡೆಗೆ, ಮೊಳೆಯದ್ದನ್ನು ಇನ್ನೊಂದು ಕಡೆಗೆ ಹಾಕುತ್ತಿದ್ದರು. ಅವರು ಆರಿಸಿದ ಬೀಜ ಹುಸಿ ಹೋಗುವುದಿಲ್ಲ ಎಂಬ ಮಾತಿತ್ತು. ಅದು ಪೂರ್ತಿ ಕಣ್ಣಿನ ಕೆಲಸ.

ಸಂಜೆ ಕೆಲಸ ಮುಗಿದ ಮೇಲೆ ಧಾರಾವಾಹಿ. ಬೀದಿಯಲ್ಲಿ ಕೇಬಲ್ ಬಂದು ಕೆಲವು ವರ್ಷಗಳಾಗಿದ್ದವು. ಕಂಬದಿಂದ ಕಪ್ಪು ವೈರು ನಮ್ಮ ತಾರಸಿಗೆ ಬರುತ್ತಿತ್ತು. ಅಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಪ್ಲಿಟರ್‌ನಲ್ಲಿ ಕವಲೊಡೆದು ಒಂದು ಅಮ್ಮನಿಗೆ, ಒಂದು ನನಗೆ. ಚಿತ್ರ ಚೊಕ್ಕವಾಗಿದ್ದ ದಿನ ಕಡಿಮೆ. ಹಿಂದಿನ ಬೀದಿಯ ಮಿಲ್ಲಿನ ಮೋಟಾರು ಶುರುವಾದರೆ ಪರದೆಯ ತುಂಬ ಬಿಳಿ ಚುಕ್ಕೆ ಹಾರುತ್ತಿದ್ದವು. ಕೆಲವೊಮ್ಮೆ ಎರಡು ಅಗಲವಾದ ಪಟ್ಟಿಗಳು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತೆವಳುತ್ತಿದ್ದವು. ಜನ ಅದಕ್ಕೆಲ್ಲ ಒಗ್ಗಿಹೋಗಿದ್ದರು. ಟಿ.ವಿ. ಇದ್ದ ಮೇಲೆ ಅಷ್ಟು ಇರುತ್ತದೆ ಎಂದುಕೊಂಡಿದ್ದರು.

ಒಂದು ಸಂಜೆ ಅಮ್ಮ ನನ್ನ ಬಾಗಿಲಿಗೆ ಬಂದರು.

“ಮೇಡಮ್ಮ, ನಿನ್ ಟೀವೀನಾಗೂ ಅಂಗೇನಾ? ನಂದ್ರಾಗೆ ಒಬ್ಬೊಬ್ರಿಗೂ ಎಲ್ಡೆಲ್ಡು ತಲೆ ಕಣಮ್ಮ.”

ನಾನು ಹೋಗಿ ನೋಡಿದೆ. ನೆರಳು ನಿಜವಾಗಿಯೂ ಇತ್ತು. ಪರದೆಯ ಮೇಲಿನ ಪ್ರತಿಯೊಂದು ಮುಖದ ಬಲಗಡೆ, ಒಂದು ಅಕ್ಕಿಕಾಳಿನಷ್ಟು ದೂರದಲ್ಲಿ, ಅದೇ ಮುಖದ ಮಂಕಾದ ಇನ್ನೊಂದು ಅಂಚು. ಇದನ್ನು ನಾನು ಕಂಡಿದ್ದೇನೋ, ಅವರು ಹೇಳಿದ್ದರಿಂದ ಕಂಡೆ ಅಂದುಕೊಂಡೆನೋ ಎಂದು ಒಂದು ಕಾಲದಲ್ಲಿ ಅನುಮಾನಪಟ್ಟಿದ್ದೆ. ಕಂಡಿದ್ದೇ ನಿಜ, ಮರುದಿನ ಕೇಬಲ್‌ನವನೂ ಕಂಡ.

ಅವನು ನಮ್ಮ ಬೀದಿಯ ಲೈನು ನೋಡಿಕೊಳ್ಳುತ್ತಿದ್ದ ಸಾಬರ ಹುಡುಗ ಎಂದೇ ನನ್ನ ನೆನಪಿನಲ್ಲಿದ್ದ. ಲೆಕ್ಕ ಹಾಕಿದರೆ ಆಗಲೇ ಎರಡು ಮಕ್ಕಳ ತಂದೆ. ಹುಡುಗ ಎಂದು ನೆನಪಿಟ್ಟುಕೊಂಡದ್ದರಲ್ಲೇ ನನ್ನ ಧೋರಣೆ ಇದೆ. ಮೊಪೆಡ್ಡಿನ ಹಿಂದೆ ವೈರಿನ ಸುರುಳಿ ನೇತುಹಾಕಿಕೊಂಡು ಬಂದ. ಟಿ.ವಿ. ಹಿಂದಿನ ಪಿನ್ನು ಬಿಚ್ಚಿ, ಹೊಸದು ಹಾಕಿ, ಅಮ್ಮನನ್ನು ನೋಡಲು ಹೇಳಿದ.

“ಅಂಗೇ ಐತೆ ಕಣ್ಲಾ. ಮ್ಯಾಲೊಂದು ತಲೆ, ಕೆಳಗೊಂದು ತಲೆ.”

“ಮೇಲಾ, ಪಕ್ಕದಲ್ಲಾ, ಅಮ್ಮಾ?”

“ಮ್ಯಾಲೆ ಅಂದ್ನಲ್ಲಪ್ಪ. ಬುಟ್ಟಿ ಹೊತ್ಕಂಡಂಗೆ.”

ಅವನು ಪರದೆಯ ಹತ್ತಿರ ಕೂತು ನೋಡಿದ, ದೂರ ಹೋಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. “ಮೇಡಂ, ನಂಗೆ ನೆರಳು ಪಕ್ಕದಲ್ಲಿ ಕಾಣ್ತದೆ. ಅಮ್ಮಂಗೆ ಮೇಲೆ ಅಂತಾರೆ. ಇದು ಬೇರೆ ಏನೋ. ಭಾನುವಾರ ಇಸ್ಕೂಲಲ್ಲಿ ಕಣ್ಣಿನ ಕ್ಯಾಂಪ್ ಐತೆ, ಫ್ರೀ. ಅಮ್ಮ ಒಂದ್ಸಲ ತೋರ್ಸಿದ್ರೆ ಒಳ್ಳೇದು.”

“ನಿನ್ ವೈರು ಕೆಟ್ರೆ ನನ್ ಕಣ್ ಕೀಳುಸ್ತೀಯೇನ್ಲಾ?” ಅಂದರು ಅಮ್ಮ. “ನಾಳೆ ಮಿಲ್ಲು ನಿಂತ್ರೆ ನನ್ ಕಿವಿ ಕೆಟ್ಟೈತೆ ಅಂತೀಯ!”

ಅವನು ನಕ್ಕ. “ಅಲ್ಲಾ ಕಸಮ್, ನಮ್ಮ ಲೈನ್‌ದೂ ತಪ್ಪೈತೆ, ಇಲ್ಲ ಅಂತಿಲ್ಲ. ಅದನ್ನೂ ನೋಡ್ತೀನಿ. ಕಣ್ಣೂ ತೋರ್ಸಿ.”

ಇಲ್ಲಿ ನಾನು ಬಾಯಿ ಹಾಕಿದೆ. ತಪ್ಪನ್ನು ಗಿರಾಕಿಯ ಮೇಲೆ ಹಾಕಬೇಡ ಎಂದೆ. ಕೇಬಲ್ಲಿನ ಕೊನೆ ಎಲ್ಲೋ ತೆರೆದುಕೊಂಡಿದ್ದರೆ, ಬಾವಿಯೊಳಗೆ ಕೂಗಿದ ದನಿ ತಿರುಗಿ ಬರುವಂತೆ, ಅಲೆ ಅಲ್ಲಿಗೆ ಹೋಗಿ ಬಡಿದು ವಾಪಸು ಬರುತ್ತದೆ; ತಡವಾಗಿ ಬಂದ ಆ ಅಲೆಯೇ ಎರಡನೆಯ ಚಿತ್ರ; ಇದು ಪಿ.ಯು.ಸಿ. ಮಕ್ಕಳಿಗೂ ಗೊತ್ತು ಎಂದು ವಿವರಿಸಿದೆ. ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅವನು ಕೇಳಿಸಿಕೊಂಡು, “ನೀವು ಓದಿದೋರು ಮೇಡಂ,” ಎಂದು ಮೊಪೆಡ್ ಹತ್ತಿದ. ಆ ಮಾತಿನಲ್ಲಿ ವ್ಯಂಗ್ಯವಿತ್ತೆಂದು ಈಗ ಅನಿಸುತ್ತದೆ. ಆಗ ಮೆಚ್ಚುಗೆ ಅನಿಸಿತ್ತು.

ಭಾನುವಾರ ಬೆಳಿಗ್ಗೆ ನಾನು ತಾರಸಿ ಹತ್ತುವ ಹೊತ್ತಿಗೆ ಅಮ್ಮ ತಲೆ ಬಾಚಿ, ಗಟ್ಟಿ ಅಂಚಿನ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು ನಿಂತಿದ್ದರು. ಹಾಗೆ ನಿಂತಿದ್ದ ಚಿತ್ರ ನನ್ನ ಕಣ್ಣಿಗೆ ಕಟ್ಟಿದೆ. ದಿನಚರಿಯಲ್ಲಿ ಸೀರೆಯೂ ಇಲ್ಲ, ಚೀಲವೂ ಇಲ್ಲ. ಅಪರಾಧವನ್ನು ಇನ್ನಷ್ಟು ಸ್ಪಷ್ಟವಾಗಿ ನೋಡಲೆಂದು ನಾನೇ ಆಮೇಲೆ ಅವರಿಗೆ ಆ ಸೀರೆ ಉಡಿಸಿರಬಹುದು. ಮಾತು ಮಾತ್ರ ನಡೆದದ್ದೇ, ಅದನ್ನು ಅವರೂ ನೆನಪಿಟ್ಟಿದ್ದಾರೆ.

“ಮೇಡಮ್ಮ, ಇಸ್ಕೂಲ್ ಕಡೀಕೆ ಒಂದ್ ಗಳಿಗೆ ಓಗ್ಬರ್ತೀನಿ. ಆ ಸಾಬಿ ಅಷ್ಟು ಅಂದ್ನಲ್ಲ.”

“ನೀವು ಹೋದರೆ ಕೆಳಗೆ ಟಿ.ವಿ. ನೋಡೋರು ಯಾರಮ್ಮ?” ಎಂದೆ. “ನಿಮ್ಮ ಕಣ್ಣು ಚೆನ್ನಾಗಿದೆ. ವೈರಿನ ದೋಷ ಇದು. ಕೂತ್ಕೊಳ್ಳಿ, ಇವತ್ತು ಸರಿ ಮಾಡಿಬಿಡ್ತೀನಿ.”

ಆ ಕಾಲದಲ್ಲಿ ಟಿ.ವಿ. ಸರಿ ಮಾಡಿದವರಿಗೆಲ್ಲ ಇದು ಗೊತ್ತಿರುತ್ತದೆ. ತಾರಸಿಯ ಮೇಲೆ ಒಬ್ಬರು ಕೈಯಾಡಿಸಬೇಕು, ಕೆಳಗೆ ಒಬ್ಬರು ಕೂತು ಪರದೆ ನೋಡಬೇಕು, ನಡುವೆ ಕೂಗಾಟ. ಆಂಟೆನಾ ತಿರುಗಿಸುತ್ತಿದ್ದ ದಿನಗಳಿಂದ ಬಂದ ಪದ್ಧತಿ. ಮೇಲಿನವರಿಗೆ ಕೆಳಗಿನವರ ಕಣ್ಣು ಬೇಕು. ಕಣ್ಣು ತೋರಿಸಲು ಹೊರಟಿದ್ದವರನ್ನು ನಾನು ಅವರ ಕಣ್ಣಿನ ಕೆಲಸಕ್ಕಾಗಿ ಕೂರಿಸಿದೆ.

ತಾರಸಿಯಲ್ಲಿ ಕಾರಣ ಬೇಗ ಸಿಕ್ಕಿತು. ಸ್ಪ್ಲಿಟರ್‌ನ ಮೂರನೆಯ ಬಾಯಿಂದ ಒಂದು ಹಳೆಯ ವೈರು ಹೊರಟು ನಾಲ್ಕು ಮನೆಗಳ ತಾರಸಿ ದಾಟಿ ಹೋಗುತ್ತಿತ್ತು. ಒಂದು ಕಾಲಕ್ಕೆ ಆಚೆಯ ಮನೆಗೆ ನಮ್ಮಲ್ಲಿಂದಲೇ ಲೈನು ಕೊಟ್ಟಿದ್ದರಂತೆ. ಅವರು ಬೇರೆ ಲೈನು ಹಾಕಿಸಿಕೊಂಡ ಮೇಲೂ ವೈರು ಹಾಗೇ ಉಳಿದಿತ್ತು. ಕೊನೆ ಕತ್ತರಿಸಿ ಗಾಳಿಗೆ ಬಿಟ್ಟಿದ್ದರು. ಅಲೆ ಅಷ್ಟು ದೂರ ಹೋಗಿ, ತೆರೆದ ಬಾಯಿಗೆ ಬಡಿದು, ವಾಪಸು ಬಂದು ನಮ್ಮ ಟಿ.ವಿ. ಸೇರುತ್ತಿತ್ತು. ನಾನು ಆ ವೈರನ್ನು ಸ್ಪ್ಲಿಟರ್‌ನಿಂದ ಕಿತ್ತೆ. ಖಾಲಿ ಬಾಯಿಗೆ ಕಾಲೇಜಿನ ಲ್ಯಾಬಿನಿಂದ ತಂದಿದ್ದ ಎಪ್ಪತ್ತೈದು ಓಮ್‌ನ ರೆಸಿಸ್ಟರ್ ಜೋಡಿಸಿದೆ. ಬಂದ ಅಲೆಯನ್ನು ಅದು ಹಿಂದಕ್ಕೆ ಕಳಿಸದೆ ಅಲ್ಲೇ ನುಂಗಿಬಿಡುತ್ತದೆ. ತುಕ್ಕು ಹಿಡಿದ ಪಿನ್ನುಗಳನ್ನು ಉಜ್ಜಿ ಬಿಗಿದೆ. ತಾಮ್ರದ ಎಳೆಯೊಂದು ಬೆರಳಿಗೆ ಚುಚ್ಚಿ ರಕ್ತ ಬಂತು.

“ಅಮ್ಮಾ, ಬಂತಾ?”

“ಇಲ್ಲ ಕಣಮ್ಮ!”

“ಈಗ?”

“ವಸಿ ವಾಸಿ!”

“ಎರಡನೇ ತಲೆ ಹೋಯ್ತಾ?”

“ಐತೆ, ಐತೆ!”

ಹೀಗೆ ಎಷ್ಟು ಹೊತ್ತು ನಡೆಯಿತೋ. ಬಿಸಿಲೇರಿ ತಾರಸಿ ಕಾಲಿಗೆ ಸುಡುತ್ತಿತ್ತು. ನಾನು ಸ್ಪ್ಲಿಟರನ್ನೇ ಬದಲಾಯಿಸಿದೆ. “ಈಗ?” ಎಂದು ಕೂಗಿದಾಗ ಒಂದು ಕ್ಷಣ ಉತ್ತರ ಬರಲಿಲ್ಲ. ಆಮೇಲೆ, “ಓಯ್ತು, ಓಯ್ತು! ಇಳ್ದು ಬಾ ತಾಯಿ, ಸಾಕು!” ಕೆಳಗಿಳಿದು ನೋಡಿದೆ. ಚಿತ್ರ ಕನ್ನಡಿಯ ಹಾಗಿತ್ತು. ಅಕ್ಕಿಕಾಳಿನಷ್ಟು ನೆರಳೂ ಇರಲಿಲ್ಲ. ಅಮ್ಮ ಮಜ್ಜಿಗೆ ಕೊಟ್ಟರು. ಅಂದಿನ ದಿನಚರಿ: ‘ಸರಿಹೋಯಿತು. ಮಜ್ಜಿಗೆ ಕುಡಿದೆ. ಕೇಬಲ್‌ನವನಿಗೆ ತೋರಿಸಬೇಕು.’ ತೋರಿಸಿದೆ ಕೂಡ. ಕ್ಯಾಂಪಿನ ವಿಷಯ ಎಲ್ಲೂ ಬರೆದಿಲ್ಲ.

ಅಮ್ಮ ಮತ್ತೆ ಎರಡು ತಲೆಯ ಮಾತೆತ್ತಲಿಲ್ಲ. ಒಂದೂವರೆ ವರ್ಷವಾಗಿರಬೇಕು. ಅಷ್ಟರಲ್ಲಿ ಅವರು ಮೊರವನ್ನು ಮುಖದ ಹತ್ತಿರಕ್ಕೆ ತಂದುಕೊಳ್ಳುತ್ತಿದ್ದರು. ಜಗಲಿಯಿಂದ ಅಂಗಳದ ಬೆಳಕಿಗೆ ಜಾಗ ಬದಲಾಯಿಸಿದ್ದರು. ಕೊಳಾಲದ ಕಡೆಯ ರೈತನೊಬ್ಬ ಬಂದು, “ಏನಮ್ಮ, ಈ ಸಲ ಜೊಳ್ಳೂ ಬಂದ್ಬುಟ್ಟೈತೆ,” ಎಂದಾಗ ಅವರು ಮಳೆಯನ್ನು ಬೈದರು. ಇವೆಲ್ಲ ನನ್ನ ಕಣ್ಣೆದುರೇ ನಡೆದವು. ನೋಡಿದೆ, ಆದರೆ ಜೋಡಿಸಲಿಲ್ಲ. ಒಂದು ಬೆಳಿಗ್ಗೆ ಬಲಗಣ್ಣು ಕೆಂಡವಾಗಿ, ತಲೆ ಸಿಡಿದು, ವಾಂತಿಯಾಗಿ ಅಮ್ಮ ಹಾಸಿಗೆಯಲ್ಲೇ ಉಳಿದರು. ಪಿತ್ತ ಎಂದು ಎರಡು ದಿನ ಕಷಾಯ ಕುಡಿದರು. ಮೂರನೆಯ ದಿನ ಹುಲಿಕುಂಟೆಯಿಂದ ಮಗಳು ಬಂದು ತುಮಕೂರಿಗೆ ಕರೆದುಕೊಂಡು ಹೋದಳು, ನಾನೂ ಜೊತೆಗಿದ್ದೆ. ಎರಡೂ ಕಣ್ಣಿನಲ್ಲಿ ಪೊರೆ, ಬಲಗಣ್ಣಿನದು ಅತಿಯಾಗಿ ಬಲಿತು ಒಳಗಿನ ಒತ್ತಡ ಏರಿ ನರ ಸತ್ತಿದೆ ಎಂದರು ಡಾಕ್ಟರು. ಎಡಗಣ್ಣನ್ನು ಆಪರೇಷನ್ ಮಾಡಿ ಉಳಿಸಿದರು.

“ಮೊದಲಿಗೆ ಒಂದಕ್ಕೆ ಎರಡು ಕಾಣ್ತಿತ್ತು ಅಂತ ಹೇಳಿರಬೇಕಲ್ಲ?” ಎಂದು ಡಾಕ್ಟರು ಮಗಳನ್ನು ಕೇಳಿದರು. “ಪೊರೆ ಶುರುವಾದಾಗ ಕೆಲವರಿಗೆ ಹಾಗಾಗುತ್ತೆ.”

“ನಮ್ಗೇನೂ ಯೇಳ್ಲಿಲ್ಲ ಸಾರ್,” ಅಂದಳು ಮಗಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ತಪ್ಪು ಎಂದುಕೊಂಡು ಇರುತ್ತಿದ್ದೆನೇನೋ. ಇನ್ನೊಂದಿದೆ.

ಅಲೆಗಳ ಪ್ರತಿಫಲನ ಪಾಠ ಮಾಡುವಾಗ ನಾನು ಅಮ್ಮನ ಟಿ.ವಿ.ಯ ಕಥೆ ಹೇಳುತ್ತಿದ್ದೆ. ಎರಡು ತಲೆ ಕಂಡ ಅಜ್ಜಿ, ತಾರಸಿಯ ಮೇಲಿನ ಮೇಡಂ ಎಂದರೆ ಮಕ್ಕಳು ನಗುತ್ತಿದ್ದರು. ಒಂದು ವರ್ಷ ಬೋರ್ಡಿನ ಮೇಲೆ ಮುಖ ಬರೆದು ಅದರ ಬಲಕ್ಕೆ ನೆರಳು ಬರೆದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ನೆರಳು ಯಾವಾಗ್ಲೂ ಪಕ್ಕದಲ್ಲೇ ಯಾಕೆ? ಮೇಲೆ ಬರಲ್ವಾ?”

“ಬರಲ್ಲ,” ಎಂದೆ. “ಟಿ.ವಿ. ಚಿತ್ರವನ್ನು ಎಡದಿಂದ ಬಲಕ್ಕೆ ಗೆರೆ ಗೆರೆಯಾಗಿ ಬರೆಯುತ್ತೆ. ತಡವಾಗಿ ಬಂದ ಅಲೆ ಅದೇ ಗೆರೆಯಲ್ಲಿ ಸ್ವಲ್ಪ ಬಲಕ್ಕೆ ಬೀಳುತ್ತೆ. ಕೇಬಲ್ಲಿನ ಪ್ರತಿಫಲನದಿಂದ ತಲೆಯ ಮೇಲೆ ತಲೆ ಬರೋಕೆ ದಾರಿಯೇ...”

ಆ ವಾಕ್ಯ ಮುಗಿಸಿದೆನೋ ಇಲ್ಲವೋ. ಸೀಮೆಸುಣ್ಣ ಕೈಯಲ್ಲೇ ಇತ್ತು. ಬುಟ್ಟಿ ಹೊತ್ಕಂಡಂಗೆ ಎಂಬ ದನಿ ಕಿವಿಯೊಳಗೆ ಕೇಳಿಸಿತು.

ಈ ಪಾಠ ನಡೆದದ್ದು ಅಮ್ಮನ ಕಣ್ಣು ಹೋಗುವ ಮೊದಲೋ, ಆಮೇಲೋ? ಆಮೇಲಾದರೆ ಅದು ತಡವಾಗಿ ಬಂದ ಅರಿವು, ಅಷ್ಟೆ. ಮೊದಲಾದರೆ ಅವತ್ತು ಸಂಜೆ ಮನೆಗೆ ಹೋಗಿ, ‘ಅಮ್ಮಾ, ಇನ್ನೂ ಎರಡು ಕಾಣುತ್ತಾ? ಟಿ.ವಿ. ಬಿಡಿ, ಗೋಡೆಯ ಕ್ಯಾಲೆಂಡರ್ ನೋಡಿ ಹೇಳಿ’ ಎಂದು ಒಂದು ಮಾತು ಕೇಳಬಹುದಿತ್ತು, ನಾನು ಕೇಳಲಿಲ್ಲ. ದಿನಚರಿಯನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ಆ ಪಾಠದ ಬಗ್ಗೆ ಒಂದು ಸಾಲೂ ಇಲ್ಲ. ಮಜ್ಜಿಗೆ ಕುಡಿದದ್ದನ್ನು ಬರೆಯುವ ನಾನು ಇದನ್ನೇಕೆ ಬರೆಯಲಿಲ್ಲ? ಒಂದು ನೆನಪು ಮಾತ್ರ ಇದೆ: ಅಂದು ಕಾಲೇಜಿನಿಂದ ಬಂದಾಗ ಅಮ್ಮ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದರು, ನಾನು ಅವರನ್ನು ದಾಟಿ ಒಳಗೆ ಹೋದೆ. ಆಪರೇಷನ್ನಾದ ಮೇಲೆ ಅವರು ಬೀಜ ಆರಿಸಿದ್ದೇ ಇಲ್ಲ. ಈ ನೆನಪು ಆ ದಿನದ್ದೇ ಆಗಿದ್ದರೆ ನನಗೆ ಗೊತ್ತಿತ್ತು, ಗೊತ್ತಿದ್ದೂ ದಾಟಿ ಹೋದೆ. ಬೇರೆ ಯಾವುದೋ ಸಂಜೆಯದು ಬಂದು ಅಂಟಿಕೊಂಡಿದ್ದರೆ ಗೊತ್ತಿರಲಿಲ್ಲ. ಎಷ್ಟು ವರ್ಷ ನೋಡಿದರೂ ಎರಡು ಚಿತ್ರ ಒಂದಾಗುತ್ತಿಲ್ಲ.

ಆಮೇಲೆ ನನಗೆ ಮಧುಗಿರಿಗೆ ವರ್ಗವಾಯಿತು. ಈಗಲೂ ಇಲ್ಲೇ ಇದ್ದೇನೆ. ಶಿರಾಕ್ಕೆ ಒಂದು ಬಸ್ಸು ಹತ್ತಿದರೆ ಸಾಕು. ಅಮ್ಮನನ್ನು ನೋಡಲು ವರ್ಷಕ್ಕೊಮ್ಮೆ ಹೋಗುತ್ತಿದ್ದೆ, ಹಣ್ಣು ಕೊಟ್ಟು ಬರುತ್ತಿದ್ದೆ, ಇದನ್ನು ಹೇಳದೆ ಬರುತ್ತಿದ್ದೆ. ಹೋದ ತಿಂಗಳು ಹೇಳಲೇಬೇಕೆಂದು ಹೋದೆ.

ಅಮ್ಮ ಟಿ.ವಿ. ಮುಂದೆ ಕುರ್ಚಿಯಲ್ಲಿ ಕೂತಿದ್ದರು. ಹಳೆಯ ಟಿ.ವಿ. ಹೋಗಿ ಗೋಡೆಗೆ ನೇತುಹಾಕುವಂಥದು ಬಂದಿದೆ, ಪಕ್ಕದಲ್ಲಿ ಒಂದು ಡಬ್ಬಿ. ಈಗ ನೆರಳೆಂಬುದೇ ಇಲ್ಲ. ಚಿತ್ರ ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ನಾನು ಅವರ ಪಕ್ಕ ಸ್ಟೂಲಿನ ಮೇಲೆ ಕೂತೆ. ಹೇಳಿದೆ. ಪಕ್ಕದ ನೆರಳು ವೈರಿನದು, ಮೇಲಿನದು ಕಣ್ಣಿನದು, ಇದು ನನಗೆ ತಿಳಿದಿರಬೇಕಿತ್ತು, ಬಹುಶಃ ತಿಳಿದೂ ಇತ್ತು ಎಂದೆ. ಪಾಠದ ವಿಷಯ ಹೇಳಿದೆ. ಮೊದಲೋ ಆಮೇಲೋ ಗೊತ್ತಿಲ್ಲ ಎಂದೂ ಹೇಳಿದೆ.

ಅಮ್ಮ ಟಿ.ವಿ.ಯ ದನಿ ಕಮ್ಮಿ ಮಾಡಿದರು.

“ಅಂಗಾರೆ ಪಕ್ಕಕ್ಕಿದ್ರೆ ವೈರು, ಮ್ಯಾಲಿದ್ರೆ ಕಣ್ಣು. ಇಷ್ಟೇನಾ?”

“ಇಷ್ಟೇ ಅಮ್ಮ.”

“ಇದನ್ನ ಆ ಸಾಬಿ ಅವತ್ತೇ ಅಂದ್ನಲ್ಲೇ, ಇಸ್ಕೂಲಿಗೆ ಓಗ್ದೋನು! ಅವನ್ನ ಎಂಗೆ ಬೈದ್ವಿ ನಾವಿಬ್ರೂ.” ಅವರು ನಕ್ಕರು, ಆದರೆ ಉದ್ದಕ್ಕೆ ನಗಲಿಲ್ಲ. “ನಾನೂ ಒಂದು ಸುಳ್ ಯೇಳಿದ್ದೆ ಕಣಮ್ಮ. ಓಯ್ತು ಅಂತ ಕೂಗಿದ್ನಲ್ಲ, ಓಗಿರ್ಲಿಲ್ಲ. ನೀನು ಬಿಸ್ಲಾಗೆ ಒಣಗ್ತಿದ್ದೆ. ಓದಿದೋಳು, ನನ್ ಮನೆ ಮ್ಯಾಲತ್ತಿ ಅಷ್ಟು ಕಷ್ಟ ಬೀಳ್ತಾ ಅವ್ಳೆ, ಇನ್ನೂ ಕಾಣ್ತೈತೆ ಅಂತ ಎಂಗನ್ಲಿ? ಆಮ್ಯಾಕೆ ನೀನೇ ಸರಿಯಾತು ಅಂದ್ಮ್ಯಾಕೆ ನಂದೇ ಏನೋ ತಪ್ಪಿರ್ಬೇಕು ಅಂತ ಬಾಯ್ ಮುಚ್ಕಂಡೆ.”

ಇದು ನನಗೆ ಗೊತ್ತಿರಲಿಲ್ಲ. ಅಂದು ಕೆಳಗಿನಿಂದ ಉತ್ತರ ಬರಲು ತಡವಾದ ಆ ಒಂದು ಕ್ಷಣದಲ್ಲಿ ಅವರು ನನಗಾಗಿ ಸುಳ್ಳು ಹುಡುಕುತ್ತಿದ್ದರು.

“ಮೊದಲಾ ಆಮೇಲಾ ಅನ್ನೋದು...” ಎಂದು ನಾನು ಮತ್ತೆ ಶುರು ಮಾಡಿದೆ.

“ಅದು ನಿಂಗೇ ಬುಟ್ಟಿದ್ದು ಮೇಡಮ್ಮ,” ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಕ್ಷಮೆಯೂ ಇರಲಿಲ್ಲ. “ಮೊದ್ಲಾದ್ರೂ ಅಷ್ಟೇ, ಆಮ್ಯಾಕಾದ್ರೂ ಅಷ್ಟೇ, ನನ್ ಕಣ್ ಓಗಿರೋದು ಒಂದೇ ಸಲ. ಆ ಸಾಬಿ ಈಗ ಬಸ್ ಸ್ಟ್ಯಾಂಡ್ ತಾವ ಮೊಬೈಲ್ ಅಂಗಡಿ ಇಟ್ಟವ್ನೆ. ಓಗಿ ಅವನಿಗೂ ಒಂದು ಮಾತು ಅನ್ನು.”

ಅನ್ನುತ್ತೇನೆ ಎಂದೆ. ಆ ಸಂಜೆ ಅಂಗಡಿಯ ಮುಂದೆಯೇ ಬಸ್ಸಿಗೆ ಕಾದೆ. ಅವನು ಗಾಜಿನ ಹಿಂದೆ ತಲೆ ಬಗ್ಗಿಸಿ ಏನೋ ರಿಪೇರಿ ಮಾಡುತ್ತಿದ್ದ. ಬಸ್ಸು ಬಂತು, ಹತ್ತಿಬಿಟ್ಟೆ. ಇದನ್ನು ದಿನಚರಿಯಲ್ಲಿ ಬರೆದಿದ್ದೇನೆ, ತಪ್ಪಿಸಿಲ್ಲ.

ಅದಕ್ಕೂ ಮುಂಚೆ, ಅಮ್ಮನ ಮನೆಯಿಂದ ಇನ್ನೇನು ಹೊರಡಬೇಕು ಅನ್ನುವಾಗ, ಟಿ.ವಿ.ಯಲ್ಲಿ ಚಿತ್ರ ಒಡೆದು ಚೌಕಗಳಾಗಿ ನಿಂತಿತ್ತು.

“ಇದು ನಿಂಗೂ ಅಂಗೇ ಕಾಣ್ತೈತಾ, ನಂಗೊಬ್ಳಿಗಾ?”

“ನೀವು ಮೊದಲು ಹೇಳಿ. ನಿಮಗೆ ಹೇಗೆ ಕಾಣುತ್ತೆ?”

“ಗೋಡೆ ಇಟ್ಟಿಗೆ ಬುಚ್ಚಿದಂಗೆ.”

ನನಗೂ ಹಾಗೇ ಕಾಣುತ್ತಿತ್ತು. ಆದರೂ ಗೋಡೆಯ ಕ್ಯಾಲೆಂಡರ್ ತೋರಿಸಿ, ಅಂಕಿಗಳು ನೆಟ್ಟಗಿವೆಯಾ, ಒಂದಕ್ಕೆ ಒಂದೇ ಕಾಣುತ್ತಾ, ದೀಪದ ಸುತ್ತ ಬಣ್ಣ ಕಾಣುತ್ತಾ, ಡಾಕ್ಟರಿಗೆ ತೋರಿಸಿ ಎಷ್ಟು ದಿನವಾಯಿತು ಎಂದು ಒಂದೊಂದಾಗಿ ಕೇಳಿದೆ.

“ಎಲ್ಲ ನೆಟ್ಗೈತೆ ಬುಡೇ ತಾಯಿ, ಎಷ್ಟು ಸಲ ಕೇಳ್ತೀಯ!” ಎಂದು ನನ್ನತ್ತ ತಿರುಗಿದರು. ತಿರುಗಲು ಅವರು ಇಡೀ ಕುತ್ತಿಗೆಯನ್ನು, ಭುಜವನ್ನೂ ಸೇರಿಸಿ ಹೊರಳಿಸಬೇಕಾಯಿತು. ಆಗ ಗೊತ್ತಾಯಿತು. ಬಂದಾಗಿನಿಂದ ನಾನು ಅವರ ಬಲಗಡೆ, ಕಣ್ಣಿಲ್ಲದ ಕಡೆ ಕೂತಿದ್ದೆ. ಅಷ್ಟೂ ಮಾತನ್ನು ಅವರು ನನ್ನ ಮುಖ ನೋಡದೆಯೇ ಕೇಳಿದ್ದರು.

ಸ್ಟೂಲು ಎತ್ತಿಕೊಂಡು ಎಡಗಡೆಗೆ ಹೋಗಿ ಕೂತೆ.